ಹಸ್ತಪ್ರತಿಯ ಮೊದಲ ಓದುಗ

ಚಿನುವ ಅಚೆಬೆಯವರ ಮೊದಲ ಕಾದಂಬರಿಯು ಓದುಗರ ಕೈಗೆ ಬಂದುದು ೧೯೫೮ರಲ್ಲಿ. ಅದಕ್ಕೆ ಮುಂಚೆ ಅದು ಕೈತಪ್ಪಿಯೇ ಹೋಗುವುದರಲ್ಲಿತ್ತು ಎಂಬುದನ್ನು ಆ ಪುಸ್ತಕವನ್ನು ಮೆಚ್ಚಿದವರೆಲ್ಲರೂ ಅರಿತಿರಲಾರರು. ನೈಜೀರಿಯದ ರೇಡಿಯೋ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಆ ತರುಣ, ಕೈಯಲ್ಲಿ ಬರೆದ ಒಂದೇ ಒಂದು ಪ್ರತಿಯನ್ನು ಬೆರಳಚ್ಚು ಮಾಡಿಸುವುದಕ್ಕೆಂದು ಲಂಡನ್ನಿನ ಒಂದು ಕಚೇರಿಗೆ ಅಂಚೆಯಲ್ಲಿ ಕಳುಹಿಸಿದರು; ಕೇಳಿದ ಶುಲ್ಕವನ್ನೂ ಕಳುಹಿಸಿದರು. ತಿಂಗಳುಗಳು ಉರುಳಿದವು. ಬೆರಳಚ್ಚಿನ ಪ್ರತಿಯೂ ಬರಲಿಲ್ಲ, ಬರೆದ ಕಾಗದಗಳಿಗೆ ಉತ್ತರವೂ ಬರಲಿಲ್ಲ. ಕಡೆಗೆ ರಜೆಯ ಮೇಲೆ ಇಂಗ್ಲೆಂಡಿಗೆ ಹೊರಟಿದ್ದ ಅವರ ಮೇಲಧಿಕಾರಿ ಆ್ಯಂಜೆಲ ಬೀಟಿ ಎಂಬ ಮಹಿಳೆಯು ತಾವೇ ಆ ಕಚೇರಿಯ ಮೆಟ್ಟಿಲು ಹತ್ತಿ ವಿಚಾರಿಸಿದ ಮೇಲೆ ಹಸ್ತಪ್ರತಿಗೆ ಮತ್ತೆ ಜೀವ ಬಂದಿತು. ಮೊದಲ ಮುದ್ರಣದಲ್ಲಿ ೨,೦೦೦ ಪ್ರತಿಗಳು ಅಚ್ಚಾದ ಆ ಪುಸ್ತಕವು ಮುಂದೆ ಕೋಟಿಗಟ್ಟಲೆ ಓದುಗರನ್ನು ಪಡೆಯಿತು, ಕನ್ನಡಕ್ಕೂ ಬಂದಿತು.

ಈ ಕಥೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹಿಗ್ಗುವುದಕ್ಕಿಂತ ಹೆಚ್ಚಾಗಿ ಅಳುಕುತ್ತದೆ. ಆ ಮಹಿಳೆಗೆ ಆ ವರ್ಷ ರಜೆ ಸಿಕ್ಕದಿದ್ದರೆ? ಇನ್ನೆಷ್ಟು ಹಸ್ತಪ್ರತಿಗಳಿಗೆ ಹೀಗೆ ಬಾಗಿಲು ತಟ್ಟುವವರು ದೊರೆಯದೆ ಹೋದರು? ಒಂದು ಖಂಡದ ಸಾಹಿತ್ಯವು ಯಾರೋ ಒಬ್ಬರ ಪ್ರಯಾಣದ ಸುಯೋಗವನ್ನು ಅವಲಂಬಿಸಿರುವುದು ಸಾಹಿತ್ಯಕ್ಕೂ ಶ್ರೇಯಸ್ಕರವಲ್ಲ, ಖಂಡಕ್ಕೂ ಗೌರವವಲ್ಲ. ಆಫ್ರಿಕದ ಲೇಖಕರ ಅಪ್ರಕಟಿತ ಕಾದಂಬರಿಗಳಿಗೆಂದೇ ಬಹುಮಾನಗಳನ್ನು ಏರ್ಪಡಿಸುವ ಪ್ರಯತ್ನಗಳನ್ನು ನಾನು ಆಸಕ್ತಿಯಿಂದ ಗಮನಿಸುತ್ತ ಬಂದಿರುವುದಕ್ಕೆ ಕಾರಣವಿದು. ಬಹುಮಾನದ ಸುದ್ದಿಯೆಂದರೆ ಹಣದ ಮೊತ್ತ, ಗೆದ್ದವರ ಭಾವಚಿತ್ರ, ಎರಡು ದಿನದ ಗದ್ದಲ ಎಂದು ನಾವು ಸಾಮಾನ್ಯವಾಗಿ ಪುಟ ತಿರುಗಿಸಿಬಿಡುತ್ತೇವೆ. ಈ ಬಗೆಯ ಬಹುಮಾನವನ್ನು ಅಷ್ಟು ಸುಲಭವಾಗಿ ತಿರುಗಿಸಿಬಿಡಲಾಗದು.

ಸಾಮಾನ್ಯವಾದ ಸಾಹಿತ್ಯ ಪ್ರಶಸ್ತಿಯು ಪುಸ್ತಕದ ಹಿಂದೆ ಬರುತ್ತದೆ. ಪ್ರಕಾಶಕನು ಒಪ್ಪಿ, ಸಂಪಾದಕನು ತಿದ್ದಿ, ಮುದ್ರಣಾಲಯವು ಅಚ್ಚುಹಾಕಿ, ಅಂಗಡಿಯವನು ಮಾರಿ, ವಿಮರ್ಶಕನು ಮೆಚ್ಚಿದ ಮೇಲೆ ತೀರ್ಪುಗಾರರು ಬಂದು ಹಾರ ಹಾಕುತ್ತಾರೆ. ಅಷ್ಟು ಹೊತ್ತಿಗೆ ನಿಜವಾದ ತೀರ್ಪು ಆಗಿಹೋಗಿರುತ್ತದೆ. ಯಾವ ಪುಸ್ತಕವು ಪುಸ್ತಕವಾಗಬೇಕು ಎಂಬುದನ್ನು ಬೇರೆ ಯಾರೋ, ಬೇರೆ ಯಾವ ಲೆಕ್ಕದಿಂದಲೋ ಆಗಲೇ ನಿರ್ಧರಿಸಿರುತ್ತಾರೆ. ಜಪಾನಿನ ಪ್ರಕಾಶಕ ಶೋಯಿಚಿ ನೋಮ ಅವರು ೧೯೭೯ರಲ್ಲಿ ಸ್ಥಾಪಿಸಿದ ಪ್ರಶಸ್ತಿಯಲ್ಲಿ ಈ ತೊಡಕಿನ ಅರಿವು ಸ್ವಲ್ಪಮಟ್ಟಿಗೆ ಇದ್ದಿತು. ಆಫ್ರಿಕದ ನೆಲದಲ್ಲೇ ಪ್ರಕಟವಾದ ಪುಸ್ತಕಕ್ಕೆ ಮಾತ್ರ ಅದು ಸಲ್ಲುತ್ತಿತ್ತು. ೧೯೮೦ರಲ್ಲಿ ಅದನ್ನು ಮೊದಲು ಪಡೆದವರು ಸೆನೆಗಲ್ ದೇಶದ ಮರಿಯಾಮ ಬಾ. ಹಾಗಿದ್ದರೂ ಪ್ರಶಸ್ತಿ ಬರುವ ಮೊದಲು ಪ್ರಕಾಶಕನು ಬಂದಿರಲೇಬೇಕಾಗಿತ್ತು. ೨೦೦೯ರಲ್ಲಿ ಆ ಪ್ರಶಸ್ತಿಯೇ ನಿಂತುಹೋಯಿತು. ಬ್ರಿಟನ್ನಿನಿಂದ ೨೦೦೦ದಲ್ಲಿ ಆರಂಭವಾದ ಕೇನ್ ಪ್ರಶಸ್ತಿಯು ಆಫ್ರಿಕದ ಲೇಖಕರಿಗೆ ದೊಡ್ಡ ಬೆಳಕನ್ನೇ ಬೀರಿತು. ಆದರೆ ಅದು ಪ್ರಕಟವಾದ ಸಣ್ಣಕಥೆಗೆ. ಐದಾರು ವರ್ಷ ಕುಳಿತು ಬರೆದ ನಾನೂರು ಪುಟದ ಕಾದಂಬರಿಯ ಗತಿಯೇನು?

ಈ ಪ್ರಶ್ನೆಗೆ ನೈಜವಾದ ಒಂದು ಉತ್ತರವು ಹೊರಟುದು ಕೆನ್ಯದ ರಾಜಧಾನಿ ನೈರೋಬಿಯಿಂದ. ಕೇನ್ ಪ್ರಶಸ್ತಿಯನ್ನು ೨೦೦೨ರಲ್ಲಿ ಗೆದ್ದ ಬಿನ್ಯವಾಂಗ ವೈನೈನ ಅವರು ಗೆಳೆಯರೊಡನೆ ಕೂಡಿ ಮಾರನೆಯ ವರ್ಷ ಒಂದು ಸಾಹಿತ್ಯ ಪತ್ರಿಕೆಯನ್ನು ಹೊರಡಿಸಿದರು. ಹೆಸರು 'ಕ್ವಾನಿ?' ನೈರೋಬಿಯ ಬೀದಿಮಾತಿನಲ್ಲಿ ಅದರ ಅರ್ಥ 'ಏನೀಗ?' ಎಂದು. ಆ ಸವಾಲಿನ ಧ್ವನಿಯು ಹೆಸರಿನಲ್ಲಿ ಮಾತ್ರ ಉಳಿಯಲಿಲ್ಲ. ಆ ಪತ್ರಿಕೆಯ ಬಳಗವು ೨೦೧೨ರಲ್ಲಿ, ಆಫ್ರಿಕದಲ್ಲಿ ಇರುವ ಹಾಗೂ ಆಫ್ರಿಕದಿಂದ ಹೊರಗೆ ನೆಲೆಸಿರುವ ಲೇಖಕರಿಂದ ಅಪ್ರಕಟಿತ ಕಾದಂಬರಿಗಳನ್ನು ಆಹ್ವಾನಿಸಿತು. ೧೯ ದೇಶಗಳಿಂದ ೨೮೦ಕ್ಕೂ ಹೆಚ್ಚು ಹಸ್ತಪ್ರತಿಗಳು ಬಂದವು.

ಈ ಸಂಖ್ಯೆಯನ್ನು ಓದಿ ನಾನು ಕ್ಷಣಕಾಲ ತಡೆದೆನು. 'ಆಫ್ರಿಕದಲ್ಲಿ ಕಾದಂಬರಿಗಳು ಬರುತ್ತಿಲ್ಲ' ಎಂಬ ಮಾತು ಎಲ್ಲಿಯಾದರೂ ಕೇಳಿಬಂದರೆ ಅದಕ್ಕೆ ಈ ಒಂದು ಅಂಕಿಯೇ ಸಾಕಷ್ಟು ಉತ್ತರ. ಬರೆಯುವವರಿಗೆ ಕೊರತೆಯಿರಲಿಲ್ಲ, ಓದಿ ನೋಡುವ ಏರ್ಪಾಡಿಗೆ ಕೊರತೆಯಿತ್ತು. ತೀರ್ಪುಗಾರರ ಮಂಡಲಿಗೆ ಸುಡಾನ್ ಮೂಲದ ಕಾದಂಬರಿಕಾರ ಜಮಾಲ್ ಮಹ್ಜೂಬ್ ಅಧ್ಯಕ್ಷರು. ಕೆನ್ಯದಲ್ಲಿ ಹುಟ್ಟಿದ ವಿದ್ವಾಂಸ ಸೈಮನ್ ಗಿಕಾಂಡಿ, ನೈಜೀರಿಯದ ಕಾದಂಬರಿಕಾರ ಹೆಲೋನ್ ಹಬೀಲ, ಜಿಂಬಾಬ್ವೆಯ ಪ್ರಕಾಶಕಿ ಐರೀನ್ ಸ್ಟಾಂಟನ್ ಮೊದಲಾದವರು ಅದರಲ್ಲಿದ್ದರು. ಪ್ರಕಾಶನದ ಒಳಹೊರಗನ್ನು ಬಲ್ಲವರು, ಆಫ್ರಿಕದ ಊರುಕೇರಿಗಳ ಮಾತನ್ನು ಬಲ್ಲವರು, ಇವರಿಬ್ಬರೂ ಒಂದೇ ಮೇಜಿನ ಸುತ್ತ ಕುಳಿತ ಸಂದರ್ಭವದು. ೨೦೧೩ರ ಜುಲೈ ತಿಂಗಳಲ್ಲಿ ಫಲಿತಾಂಶ ಹೊರಬಿದ್ದಿತು. ೩ ಲಕ್ಷ ಕೆನ್ಯ ಶಿಲಿಂಗುಗಳ ಮೊದಲ ಬಹುಮಾನವು ಉಗಾಂಡದ ಜೆನಿಫರ್ ನನ್ಸುಬುಗ ಮಕುಂಬಿಯವರಿಗೆ. ಎರಡನೆಯದು ಲೈಬೀರಿಯದ ಸಾ ಮಿಲ್ಲಿಮೊನೊ ಅವರಿಗೆ. ಮೂರನೆಯದು ಕೆನ್ಯದ ತಿಮೊತಿ ಕಿಪ್ರೊಪ್ ಕಿಮುತೈ ಅವರಿಗೆ.

ಮಕುಂಬಿಯವರ ಕಾದಂಬರಿಯ ವೃತ್ತಾಂತವನ್ನು ಸ್ವಲ್ಪ ವಿವರವಾಗಿ ಹೇಳಬೇಕು; ಈ ಬಹುಮಾನದ ಸಾರ್ಥಕ್ಯವೆಲ್ಲ ಅದರಲ್ಲಿ ಅಡಕವಾಗಿದೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಕೆ ಹತ್ತು ವರ್ಷಗಳಷ್ಟು ಕಾಲ ಆ ಕೃತಿಯೊಡನೆ ಹೆಣಗಿದ್ದರು. ಕಥೆಯು ೧೭೫೦ರ ಬುಗಾಂಡ ರಾಜ್ಯದಲ್ಲಿ ಬೇರೂರಿದೆ. ಕಿಂಟು ಕಿಡ್ಡ ಎಂಬ ಪ್ರಾಂತಾಧಿಪತಿಯು ಹೊಸ ಅರಸನಿಗೆ ವಿಧೇಯತೆಯನ್ನು ಸಲ್ಲಿಸಲು ಪರಿವಾರದೊಡನೆ ಹೊರಟಿದ್ದಾನೆ. ದಾರಿಯಲ್ಲಿ ತಾನು ಸಾಕಿದ ಮಗನಿಗೆ, ಒಂದು ಸಣ್ಣ ತಪ್ಪಿಗಾಗಿ, ಕೈಯೆತ್ತಿ ಹೊಡೆಯುತ್ತಾನೆ, ಹುಡುಗ ಸತ್ತುಬೀಳುತ್ತಾನೆ. ಹುಡುಗನ ಹೆತ್ತ ತಂದೆಯ ಶಾಪವು ವಂಶವನ್ನು ಹಿಡಿಯುತ್ತದೆ. ಅಲ್ಲಿಂದ ಕಥೆ ಎರಡೂವರೆ ಶತಮಾನ ದಾಟಿ ೨೦೦೪ರ ಕಂಪಾಲ ನಗರಕ್ಕೆ ಬಂದು, ಪರಸ್ಪರ ಪರಿಚಯವೇ ಇಲ್ಲದ ಆ ವಂಶದ ಕವಲುಗಳನ್ನು ಒಂದೊಂದಾಗಿ ತೋರಿಸಿ, ಕೊನೆಗೆ ಅವರನ್ನೆಲ್ಲ ಒಂದೆಡೆ ಕೂಡಿಸುತ್ತದೆ. ನಡುವಣ ಬ್ರಿಟಿಷರ ಆಳ್ವಿಕೆಯ ಕಾಲವನ್ನು ಲೇಖಕಿ ಬಹುಮಟ್ಟಿಗೆ ದಾಟಿಬಿಡುತ್ತಾರೆ. ಈದಿ ಅಮೀನನು ಕೂಡ ಇಲ್ಲಿ ನಾಯಕನೂ ಅಲ್ಲ, ಖಳನಾಯಕನೂ ಅಲ್ಲ; ದೂರದ ಗುಡುಗು ಮಾತ್ರ.

ಇಂತಹ ಕೃತಿಯನ್ನು ಬ್ರಿಟನ್ನಿನ ಪ್ರಕಾಶಕರು ತಿರಸ್ಕರಿಸಿದರು. ಅದು 'ಅತಿಯಾಗಿ ಆಫ್ರಿಕದ್ದು' ಎಂಬ ಆಕ್ಷೇಪಣೆ ಲೇಖಕಿಗೆ ಎದುರಾಯಿತು. ಈ ಎರಡು ಪದಗಳನ್ನು ವಾಚಕರು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ. ಇಂಗ್ಲೆಂಡಿನ ಹಳ್ಳಿಯನ್ನು ಕುರಿತ ಕಾದಂಬರಿಯೊಂದು ಅತಿಯಾಗಿ ಇಂಗ್ಲಿಷಾಯಿತೆಂದು ಲಂಡನ್ನಿನಲ್ಲಿ ಯಾರಾದರೂ ಹಿಂದಿರುಗಿಸಿಯಾರೆ? 'ಅತಿ' ಎಂಬುದಕ್ಕೆ ಒಂದು ಅಳತೆಗೋಲು ಬೇಕು. ಆ ಕೋಲು ಯಾರ ಕೈಯಲ್ಲಿದೆಯೆಂಬುದೇ ಪ್ರಶ್ನೆ. ಆಫ್ರಿಕದ ಕಾದಂಬರಿಯನ್ನು ಓದುವವನು ಯುರೋಪಿನವನು. ಅವನು ಬಿಳಿಯನೊಬ್ಬನನ್ನು ಕಥೆಯಲ್ಲಿ ಕಾಣದೆ, ತನ್ನ ಪೂರ್ವಿಕರು ಮಾಡಿದ ಒಳಿತನ್ನೋ ಕೆಡುಕನ್ನೋ ಕಾಣದೆ, ಬೇಸತ್ತು ಪುಸ್ತಕವನ್ನು ಮುಚ್ಚಿಬಿಡುವನು ಎಂಬ ಊಹೆ ಆ ಮಾತಿನ ಹಿಂದೆ ಕುಳಿತಿದೆ. ಕಂಪಾಲದಲ್ಲಿ, ನೈರೋಬಿಯಲ್ಲಿ, ಲಾಗೋಸಿನಲ್ಲಿ ಒಬ್ಬ ಓದುಗನಿದ್ದಾನೆ, ಅವನಿಗೆ ತನ್ನ ಮುತ್ತಜ್ಜಂದಿರ ವಿಷಯವಾಗಿ ತಿಳಿಯುವ ಹಂಬಲವಿದೆ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಪ್ರಕಾಶಕರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ವ್ಯಾಪಾರಿಯು ತನ್ನ ಅಂಗಡಿಗೆ ಬರುವ ಗಿರಾಕಿಯನ್ನು ನೆನೆದು ಸರಕು ತರುತ್ತಾನೆ. ಅದು ವ್ಯಾಪಾರದ ಧರ್ಮ. ಆದರೆ ಒಂದು ಖಂಡದ ಕಾದಂಬರಿಗಳೆಲ್ಲ ಇನ್ನೊಂದು ಖಂಡದ ಗಿರಾಕಿಯ ರುಚಿಯನ್ನು ಹಾದೇ ಬರಬೇಕೆಂದಾದಾಗ, ಬರೆಯುವವನು ಬರೆಯುವಾಗಲೇ ಆ ರುಚಿಗೆ ತಕ್ಕಂತೆ ಉಪ್ಪುಖಾರವನ್ನು ಹಾಕತೊಡಗುತ್ತಾನೆ. ಕೆಡುಕು ಪ್ರಾರಂಭವಾಗುವುದು ಅಲ್ಲಿ.

ನೈರೋಬಿಯ ತೀರ್ಪುಗಾರರ ಮುಂದೆ ಇದ್ದ ಪ್ರಶ್ನೆ ಬೇರೆ. 'ಇದನ್ನು ಯಾರು ಕೊಳ್ಳುತ್ತಾರೆ?' ಎಂದು ಅವರು ಕೇಳಬೇಕಾಗಿರಲಿಲ್ಲ. 'ಇದು ಒಳ್ಳೆಯ ಕಾದಂಬರಿಯೆ?' ಎಂದು ಕೇಳಿದರೆ ಸಾಕಾಗಿತ್ತು. ಅಪ್ರಕಟಿತ ಕೃತಿಯ ಬಹುಮಾನದ ಮುಖ್ಯ ಗುಣವೆಂದು ನಾನು ಎಣಿಸುವುದು ಇದನ್ನೇ. ಮಾರುಕಟ್ಟೆಯು ಬಾಯಿತೆರೆಯುವುದಕ್ಕೆ ಮೊದಲೇ ಸಾಹಿತ್ಯಕ್ಕೆ ಮಾತಾಡುವ ಒಂದು ಅವಕಾಶವನ್ನು ಅದು ಕಲ್ಪಿಸುತ್ತದೆ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. ಕ್ವಾನಿ ಬಳಗವೇ ೨೦೧೪ರಲ್ಲಿ 'ಕಿಂಟು' ಎಂಬ ಹೆಸರಿನಿಂದ ಆ ಕಾದಂಬರಿಯನ್ನು ಪ್ರಕಟಿಸಿತು. ಪೂರ್ವ ಆಫ್ರಿಕದ ಓದುಗರು ಅದನ್ನು ಮೊದಲು ಓದಿದರು. ೨೦೧೭ರಲ್ಲಿ ಅಮೆರಿಕದ ಆವೃತ್ತಿಯೂ ೨೦೧೮ರಲ್ಲಿ ಬ್ರಿಟನ್ನಿನ ಆವೃತ್ತಿಯೂ ಹೊರಬಂದವು. ಅದೇ ೨೦೧೮ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯವು ಕೊಡುವ ವಿಂಡ್‌ಹ್ಯಾಮ್-ಕ್ಯಾಂಬೆಲ್ ಪುರಸ್ಕಾರವು ಮಕುಂಬಿಯವರಿಗೆ ಸಂದಿತು. ಲಂಡನ್ನಿನಲ್ಲಿ ಅಚ್ಚಾಗಿ ಆಫ್ರಿಕಕ್ಕೆ ಬರುವುದೇ ವಾಡಿಕೆಯಾಗಿದ್ದ ದಾರಿಯಲ್ಲಿ ಒಂದು ಪುಸ್ತಕವು ಎದುರುಮುಖವಾಗಿ ನಡೆಯಿತು. ಅಂತಿಮ ಪಟ್ಟಿಯ ಏಳು ಮಂದಿಯಲ್ಲಿದ್ದು ಬಹುಮಾನ ಪಡೆಯದಿದ್ದ ನೈಜೀರಿಯದ ಅಯೊಬಾಮಿ ಅಡೆಬಾಯೊ ಅವರ ಹಸ್ತಪ್ರತಿಯೂ ೨೦೧೭ರಲ್ಲಿ ಪುಸ್ತಕವಾಗಿ, ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿಯ ಅಂತಿಮ ಪಟ್ಟಿಯನ್ನು ಸೇರಿತು. ಸೋತ ಕೃತಿಯೂ ಬೆಳಕಿಗೆ ಬಂದಿತೆಂದ ಮೇಲೆ, ಆ ಸ್ಪರ್ಧೆಯ ಜರಡಿ ಎಷ್ಟು ಸೂಕ್ಷ್ಮವಾಗಿದ್ದಿತೆಂಬುದು ಸ್ಪಷ್ಟ.

ಇಷ್ಟನ್ನು ಮೆಚ್ಚಿಕೊಂಡ ಮೇಲೆ ಸಂಶಯಗಳನ್ನೂ ಹೇಳದಿದ್ದರೆ ಅದು ವಿಮರ್ಶೆಯಾಗದು, ಅಭಿನಂದನಾ ಪತ್ರವಾದೀತು.

ಮೊದಲನೆಯ ಸಂಶಯ ಭಾಷೆಯದು. ಈ ಬಹುಮಾನಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಹಸ್ತಪ್ರತಿಗೆ. ಇಲ್ಲಿ ೨೦೨೫ರ ಮೇ ತಿಂಗಳಲ್ಲಿ ತೀರಿಕೊಂಡ ಗೂಗಿ ವಾ ಥಿಯಾಂಗೊ ಅವರ ನೆನಪಾಗದಿರದು. ೧೯೬೧ರಲ್ಲಿ ಕಂಪಾಲದ ಮಕೆರೆರೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ತಮ್ಮ ಮೊದಲ ಕಾದಂಬರಿಯನ್ನು ಬರೆದು ಮುಗಿಸಿದುದು ಪೂರ್ವ ಆಫ್ರಿಕದ ಸಾಹಿತ್ಯ ಮಂಡಲಿಯೊಂದು ಏರ್ಪಡಿಸಿದ್ದ ಇಂತಹುದೇ ಸ್ಪರ್ಧೆಗಾಗಿ. ಸ್ಪರ್ಧೆಯ ಗಡುವು ತರುಣನೊಬ್ಬನನ್ನು ಕಾದಂಬರಿಕಾರನನ್ನಾಗಿ ಮಾಡಿತು ಎಂದರೆ ಅತಿಶಯೋಕ್ತಿಯಾಗಲಾರದು. ಮರುವರ್ಷ ಅದೇ ಮಕೆರೆರೆಯಲ್ಲಿ ನಡೆದ ಲೇಖಕರ ಸಮ್ಮೇಳನದಲ್ಲಿ ತಮ್ಮ ಇನ್ನೊಂದು ಹಸ್ತಪ್ರತಿಯನ್ನು ಅವರು ಅಚೆಬೆಯವರ ಕೈಗಿತ್ತರು. ೧೯೬೪ರಲ್ಲಿ ಮೊದಲು ಪ್ರಕಟವಾದುದು ಆ ಎರಡನೆಯದು. ಅವೆಲ್ಲವೂ ಇಂಗ್ಲಿಷಿನಲ್ಲಿ.

ಅದೇ ಗೂಗಿಯವರು ೧೯೭೮ರಲ್ಲಿ ಕಮಿಟಿ ಸೆರೆಮನೆಯ ಕೋಣೆಯಲ್ಲಿ ಕುಳಿತು, ಶೌಚದ ಕಾಗದದ ಮೇಲೆ, ತಮ್ಮ ತಾಯಿನುಡಿ ಗಿಕುಯುವಿನಲ್ಲಿ ಕಾದಂಬರಿ ಬರೆದರು. ೧೯೮೦ರಲ್ಲಿ ಅದು ನೈರೋಬಿಯಲ್ಲಿ ಅಚ್ಚಾದಾಗ ನಡೆದುದನ್ನು ಅವರೇ ಹೇಳಿಕೊಂಡಿದ್ದಾರೆ. ಓದುಬಲ್ಲ ಮಗನೋ ಮಗಳೋ ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಪಾನಗೃಹಗಳಲ್ಲಿ ಒಬ್ಬನು ಓದಲು ನಿಲ್ಲುವನು, ಸುತ್ತಲೂ ಜನ ನೆರೆಯುವರು; ಕಥೆ ರಸವತ್ತಾದ ಘಟ್ಟಕ್ಕೆ ಬಂದಾಗ ಓದುವವನು ಪುಸ್ತಕವನ್ನು ಕೆಳಗಿಟ್ಟು ತನ್ನ ಬರಿದಾದ ಲೋಟವನ್ನು ನೋಡುವನು, ಕೇಳುವವರು ಅದನ್ನು ತುಂಬಿಸುವರು, ಕಥೆ ಮುಂದುವರಿಯುವುದು. ಗಮಕಿಯು ಓದುತ್ತಿದ್ದರೆ ಊರೇ ಕುಳಿತು ಕುಮಾರವ್ಯಾಸನನ್ನು ಕೇಳುತ್ತಿದ್ದುದನ್ನು ಬಲ್ಲ ಕನ್ನಡಿಗರಿಗೆ ಇದು ದೂರದ ಸಂಗತಿಯೆನಿಸದು. ಇಂತಹ ಕೇಳುಗರನ್ನು ಇಂಗ್ಲಿಷ್ ಹಸ್ತಪ್ರತಿಯ ಬಹುಮಾನವು ತಲಪಬಲ್ಲುದೆ? ತಲಪಲಾರದೆಂದೇ ನನ್ನ ಭಾವನೆ.

ಈ ಕೊರತೆಯನ್ನು ತುಂಬುವ ಯತ್ನವೂ ನಡೆದಿದೆಯೆಂಬುದು ಸಮಾಧಾನದ ವಿಷಯ. ಗೂಗಿಯವರ ಮಗ ಮುಕೊಮ ವಾ ಗೂಗಿ ಹಾಗೂ ಲಿಜಿ ಆ್ಯಟ್ರೀ ಇವರು ೨೦೧೪ರಲ್ಲಿ ಸ್ವಾಹಿಲಿ ಭಾಷೆಯ ಬರಹಗಳಿಗಾಗಿ ಒಂದು ಬಹುಮಾನವನ್ನು ಸ್ಥಾಪಿಸಿದರು. ಅಪ್ರಕಟಿತ ಹಸ್ತಪ್ರತಿಗಳಿಗೂ ಇತ್ತೀಚೆಗೆ ಅಚ್ಚಾದ ಪುಸ್ತಕಗಳಿಗೂ ಅದರಲ್ಲಿ ಅವಕಾಶವುಂಟು. ೨೦೧೫ರ ಮೊದಲ ಸುತ್ತಿನಲ್ಲಿ ಗದ್ಯ ಕಥನದ ಬಹುಮಾನವು ತಾಂಜಾನಿಯದ ಆನ್ನ ಸಾಮ್ವೆಲ್ ಮನ್ಯಾಂಜ ಅವರಿಗೆ ಸಂದಿತು. ಹಣ ಕೊಟ್ಟವರಲ್ಲಿ ಮುಖ್ಯರು ಯಾರೆಂದರೆ, ಕೆನ್ಯದಲ್ಲಿ ಮನೆಗಳಿಗೆ ಹೊದಿಸುವ ತಗಡನ್ನು ತಯಾರಿಸುವ ಕಾರ್ಖಾನೆಯವರು. ಜೊತೆಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ. ಪೂರ್ವ ಆಫ್ರಿಕದ ಮನೆಮನೆಯ ಮೇಲೆ ತಗಡು ಹೊದಿಸುವವರು ಅಲ್ಲಿಯ ಭಾಷೆಯ ಮೇಲೂ ಒಂದಿಷ್ಟು ನೆರಳು ಚಾಚಿದುದು ನನಗೆ ಬಹಳ ಮೆಚ್ಚಿಕೆಯಾಯಿತು. ದೂರದ ದಾನಿಯು ಮನಸ್ಸು ಬದಲಾಯಿಸಿದರೆ ಪ್ರಶಸ್ತಿಯು ನಿಲ್ಲುತ್ತದೆ; ಸ್ಥಳೀಯ ಉದ್ಯಮವು ಸ್ಥಳೀಯ ಭಾಷೆಯಲ್ಲಿ ಅಭಿಮಾನವಿಟ್ಟರೆ ಅದರ ಬೇರು ಆಳಕ್ಕೆ ಇಳಿದೀತು.

ಎರಡನೆಯ ಸಂಶಯವು ಅಚ್ಚಿನ ಸ್ಥಳವನ್ನು ಕುರಿತದ್ದು. ಅಮೆರಿಕದ ಗ್ರೇವುಲ್ಫ್ ಎಂಬ ಪ್ರಕಾಶನ ಸಂಸ್ಥೆಯು ಆಫ್ರಿಕದಲ್ಲೇ ವಾಸವಾಗಿರುವ ಲೇಖಕರ ಮೊದಲ ಕಾದಂಬರಿಯ ಹಸ್ತಪ್ರತಿಗೆ ಬಹುಮಾನವೊಂದನ್ನು ಏರ್ಪಡಿಸಿತು. ಅದನ್ನು ಮೊದಲು ಪಡೆದವರು ಕೆನ್ಯದ ಮೊಂಬಾಸ ಬಂದರಿನ ಖದೀಜ ಅಬ್ದಲ್ಲ ಬಜಾಬೆರ್. ಅವರ ಕಾದಂಬರಿ ೨೦೨೧ರಲ್ಲಿ ಪ್ರಕಟವಾಗಿ, ಮರುವರ್ಷ ಅರ್ಸುಲ ಲಗ್ವಿನ್ ಅವರ ಹೆಸರಿನಲ್ಲಿ ಆರಂಭವಾದ ಪ್ರಶಸ್ತಿಗೆ ಮೊಟ್ಟಮೊದಲ ಪಾತ್ರವಾಯಿತು. ದಕ್ಷಿಣ ಆಫ್ರಿಕದ ಕರೆನ್ ಜೆನ್ನಿಂಗ್ಸ್ ಅವರ ಕಥೆ ಇನ್ನೂ ಮನಮುಟ್ಟುವಂತಹುದು. ಹಲವು ವರ್ಷ ಪ್ರಕಾಶಕರಿಲ್ಲದೆ ಅಲೆದ ಅವರ ಕಾದಂಬರಿ ಕೊನೆಗೆ ಸಣ್ಣದೊಂದು ಬ್ರಿಟಿಷ್ ಸಂಸ್ಥೆಯಿಂದ ಕೇವಲ ೫೦೦ ಪ್ರತಿಗಳಷ್ಟು ಅಚ್ಚಾಯಿತು. ೨೦೨೧ರಲ್ಲಿ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿಗೆ ಸೇರಿತು. ತಾವು ಅನುಭವಿಸಿದ ಬವಣೆಯನ್ನು ಆಕೆ ಮರೆಯಲಿಲ್ಲ. ಆ ಪುಟ್ಟ ಸಂಸ್ಥೆಯೊಡನೆ ಸೇರಿ, ಆಫ್ರಿಕದ ಲೇಖಕರ ಅಪ್ರಕಟಿತ ಮೊದಲ ಕಾದಂಬರಿಗೆ ತಮ್ಮ ಕೃತಿಯ ಹೆಸರಿನ 'ದ್ವೀಪ' ಬಹುಮಾನವನ್ನು ಆರಂಭಿಸಿದರು. ೨೦೨೩ರಲ್ಲಿ ಅದನ್ನು ಗೆದ್ದ ಸುಡಾನಿನ ರೀಮ್ ಗಾಫರ್ ಅವರ ಕಾದಂಬರಿ ೨೦೨೪ರಲ್ಲಿ ಹೊರಬಂದಿತು. ತಾನು ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕರೂಢಿ. ದಾಟಿದವರೇ ಹಿಂದಿನವರಿಗಾಗಿ ದೋಣಿ ಕಟ್ಟಿದುದು ಇಲ್ಲಿಯ ವಿಶೇಷ.

ಇವರೆಲ್ಲರ ಸದ್ಭಾವನೆಗೆ ನಾನು ತಲೆಬಾಗುತ್ತೇನೆ. ಆದರೂ ಕೇಳಬೇಕಾದುದನ್ನು ಕೇಳಲೇಬೇಕು. ಹಸ್ತಪ್ರತಿಯು ಆಫ್ರಿಕದಿಂದ ಹೊರಟು ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಪುಸ್ತಕವಾದಾಗ, ಅದರ ಬೆಲೆಯು ಡಾಲರು ಪೌಂಡುಗಳಲ್ಲಿ ನಿಶ್ಚಯವಾಗುತ್ತದೆ. ಹಡಗು ಹತ್ತಿ ಹಿಂದಿರುಗಿ ಬಂದ ಆ ಪುಸ್ತಕವನ್ನು ಊರಿನ ಶಾಲೆಯ ಉಪಾಧ್ಯಾಯನು ತನ್ನ ಸಂಬಳದಲ್ಲಿ ಕೊಳ್ಳಬಲ್ಲನೆ? ಅವನು ಕೊಳ್ಳಲಾರದ ಪುಸ್ತಕವು ಅವನ ಸಾಹಿತ್ಯವಾಗುವುದು ಹೇಗೆ? 'ಕಿಂಟು'ವಿನ ವಿಷಯದಲ್ಲಿ ಬಹುಮಾನ ಮತ್ತು ಅಚ್ಚು ಎರಡೂ ನೈರೋಬಿಯಲ್ಲೇ ಆದುದರಿಂದ ಕಂಪಾಲದ ಓದುಗನು ಲಂಡನ್ನಿನ ಓದುಗನಿಗಿಂತ ನಾಲ್ಕು ವರ್ಷ ಮೊದಲೇ ಅದನ್ನು ಓದುವಂತಾಯಿತು. ಆ ನಾಲ್ಕು ವರ್ಷಗಳ ಬೆಲೆಯನ್ನು ಯಾವ ಬಹುಮಾನದ ಮೊತ್ತದಲ್ಲೂ ಅಳೆಯಲಾಗದು.

ಮೂರನೆಯದು ಸಂಶಯವಲ್ಲ, ಮರುಕ. ೨೮೦ಕ್ಕೂ ಹೆಚ್ಚು ಹಸ್ತಪ್ರತಿಗಳಲ್ಲಿ ಬಹುಮಾನ ಬಂದುದು ಮೂರಕ್ಕೆ, ಅಂತಿಮ ಪಟ್ಟಿಯನ್ನು ಸೇರಿದುದು ಏಳು. ಉಳಿದವುಗಳಲ್ಲಿ ಅಪಕ್ವವಾದವು ಬಹಳವಿದ್ದಿರಬಹುದು. ಎಲ್ಲ ಸ್ಪರ್ಧೆಗಳ ಅನುಭವವೂ ಅದೇ. ಆದರೆ ಒಬ್ಬ ನಿಷ್ಠುರ ಸಂಪಾದಕನ ಕೈಗೆ ಸಿಕ್ಕಿ, ಮೂರು ಸಲ ತಿದ್ದಿಸಿಕೊಂಡಿದ್ದರೆ ಒಳ್ಳೆಯ ಕಾದಂಬರಿಗಳಾಗಬಹುದಾಗಿದ್ದ ಇಪ್ಪತ್ತು ಮೂವತ್ತಾದರೂ ಅವುಗಳಲ್ಲಿ ಇರಲಿಲ್ಲವೆ? ಬಹುಮಾನವು ಆರಿಸುತ್ತದೆ, ಬೆಳೆಸಲಾರದು. ಬೆಳೆಸುವ ಕೆಲಸ ವರ್ಷದ ಎಲ್ಲ ದಿನವೂ ಬಾಗಿಲು ತೆರೆದಿಡುವ ಪ್ರಕಾಶಕನದು, ಪತ್ರಿಕೆಯದು, ಗ್ರಂಥಾಲಯದ್ದು. ನೋಮ ಪ್ರಶಸ್ತಿಯು ಮೂವತ್ತು ವರ್ಷ ನಡೆದು ನಿಂತುದನ್ನು ಕಂಡಿದ್ದೇವೆ. ಬಹುಮಾನಗಳು ಹುಟ್ಟುತ್ತವೆ, ನಿಲ್ಲುತ್ತವೆ. ನಿಲ್ಲುವ ಮುನ್ನ ತಮ್ಮ ಹಿಂದೆ ಒಂದು ಅಚ್ಚಿನ ಮನೆಯನ್ನೋ, ನಾಲ್ವರು ನುರಿತ ಸಂಪಾದಕರನ್ನೋ, ಕೊಂಡು ಓದುವ ಒಂದು ಬಳಗವನ್ನೋ ಬಿಟ್ಟುಹೋದರೆ ಅವು ಬಾಳಿದುದಕ್ಕೆ ಅರ್ಥವಿದೆ.

ಕನ್ನಡದಲ್ಲಿ ಬರೆಯುವವನಿಗೆ ಕಷ್ಟಗಳು ಅನೇಕ. ಅವನ್ನು ಇಲ್ಲಿ ಎಣಿಸಬೇಕಾಗಿಲ್ಲ. ಆದರೆ ತನ್ನ ಕಾದಂಬರಿಯು ಅತಿಯಾಗಿ ಕನ್ನಡದ್ದಾಯಿತೆಂದು ಹಿಂದಕ್ಕೆ ಬಂದೀತೆಂಬ ಭಯ ಅವನಿಗಿಲ್ಲ. ಅವನ ಮೊದಲ ಓದುಗನು ಅವನ ಮಾತನ್ನೇ ಆಡುವವನು. ಈ ಭಾಗ್ಯವನ್ನು ನಾವು ಭಾಗ್ಯವೆಂದು ತಿಳಿದಿರುವುದಿಲ್ಲ; ಅದಿಲ್ಲದವರ ಪಾಡನ್ನು ಓದಿದಾಗ ತಿಳಿಯುತ್ತದೆ. ಮಕುಂಬಿಯವರು ಕಂಪಾಲದವರಿಗೆ ಕಂಪಾಲದ ಕಥೆಯನ್ನು ಹೇಳುವುದಕ್ಕೆ ಹತ್ತು ವರ್ಷ ಕಾಯಬೇಕಾಯಿತು.

ಅಚೆಬೆಯವರ ಹಸ್ತಪ್ರತಿಗಾಗಿ ಲಂಡನ್ನಿನ ಕಚೇರಿಯ ಮೆಟ್ಟಿಲು ಹತ್ತಿದ ಆ ಮಹಿಳೆಯನ್ನು ಮತ್ತೊಮ್ಮೆ ನೆನೆಯುತ್ತೇನೆ. ಅಂದು ಆಕೆ ತನ್ನ ರಜೆಯ ಒಂದು ಮಧ್ಯಾಹ್ನವನ್ನು ಕೊಟ್ಟು ಮಾಡಿದ ಕೆಲಸವನ್ನು ಇಂದು ಇಂತಹ ಬಹುಮಾನಗಳು ನಿಯಮ, ಗಡುವು, ತೀರ್ಪುಗಾರರು ಎಂಬ ವ್ಯವಸ್ಥೆಯಿಂದ ಮಾಡುತ್ತಿವೆ. ಮೂಲೆಯಲ್ಲಿ ಬಿದ್ದ ಕಟ್ಟನ್ನು ಬಿಚ್ಚಿ, ಧೂಳು ಕೊಡವಿ, ಮೊದಲ ಪುಟವನ್ನು ತಿರುಗಿಸುವುದು. ಅಷ್ಟೇ ಆ ಕೆಲಸ. ಅದನ್ನು ಮಾಡುವವರು ಆಯಾ ಊರಿನಲ್ಲೇ, ಆಯಾ ಭಾಷೆಯಲ್ಲೇ ಇರುವಂತಾದ ದಿನ, ಯಾವ ಹಸ್ತಪ್ರತಿಯೂ ಸಮುದ್ರ ದಾಟಿ ಉತ್ತರಕ್ಕಾಗಿ ಕಾದು ಕುಳಿತಿರಬೇಕಾಗದು.